ಹನ್ನೊಂದನೇ ಗೆರೆ

ನನ್ನ ಸೋದರಮಾವ ಸತ್ತದ್ದು ಒಂದು ಹಿತ್ತಾಳೆ ಚೊಂಬಿನ ದೆಸೆಯಿಂದ. ಅವನು ಹುಟ್ಟುವಾಗ ಒಡೆಯಲೆಂದು ತಂದಿಟ್ಟಿದ್ದ ಕುಡಿಕೆ ಸರಿಯಾಗಿ ಬೆಂದಿರಲಿಲ್ಲವಂತೆ. ಕಲ್ಲಿನ ಮೇಲೆ ಎಸೆದರೆ ಸದ್ದೇ ಮಾಡದೆ ಮಣ್ಣಿನ ಹೆಂಟೆಯ ಹಾಗೆ ಕುಸಿಯಿತು. ಆ ಗಾಬರಿಯಲ್ಲಿ ಯಾರದೋ ಕಾಲು ತಾಗಿ ಚೊಂಬು ಮೂರು ಮೆಟ್ಟಿಲು ಉರುಳಿತು. ಅದೇ ಅವನ ಸದ್ದಾಯಿತು. ನಮ್ಮಜ್ಜಿ ಆ ಚೊಂಬನ್ನು ಅವತ್ತೇ ಹಾಳುಬಾವಿಗೆ ಹಾಕಿದಳು. ಆದರೆ ಊರಲ್ಲಿ ಇರುವುದು ಒಂದೇ ಚೊಂಬೇ? ನಲವತ್ತೊಂದನೇ ವಯಸ್ಸಿನಲ್ಲಿ, ಬೀಗರ ಮನೆಯ ಮದುವೆಯಲ್ಲಿ, ಎಲೆ ಮುಂದೆ ಕೂತು ಪಾಯಸಕ್ಕೆ ಕಾಯುತ್ತಿದ್ದಾಗ ಒಳಗೆ ಯಾರದೋ ಕೈ ಜಾರಿ ಚೊಂಬು ಬಿತ್ತು. ಮೂರು ಮೆಟ್ಟಿಲು. ಮಾವ ಯಾರೋ ಹೆಸರು ಹಿಡಿದು ಕರೆದ ಹಾಗೆ ತಲೆಯೆತ್ತಿ ಆ ಕಡೆ ನೋಡಿದ. ಆಮೇಲೆ ಎಲೆಯ ಮೇಲೆ ಬಾಗಿದ. ಬಡಿಸುವವನು ಎರಡು ಎಲೆ ಮುಂದಕ್ಕೆ ಹೋದ ಮೇಲೇ ಜನಕ್ಕೆ ಗೊತ್ತಾಗಿದ್ದು.

ನಮ್ಮೂರಲ್ಲಿ ಇದನ್ನು ದೊಡ್ಡದು ಮಾಡಿ ಮಾತಾಡುವವರಿಲ್ಲ. ಮಗು ಅತ್ತ ಕೂಡಲೇ ಕಿವಿಗೆ ಬಿದ್ದ ಮೊದಲ ಸದ್ದು ಅದರದು. ಅದು ಎರಡನೇ ಸಲ ಬೀಳಬಾರದು, ಅಷ್ಟೆ. ಅದಕ್ಕೇ ಕುಡಿಕೆ ಒಡೆಯುವುದು. ಎರಡು ಕುಡಿಕೆ ಒಂದೇ ಥರ ಒಡೆಯುವುದಿಲ್ಲ. ಕುಂಬಾರರು ಹೆರಿಗೆ ಕುಡಿಕೆಗೆ ಒಂದೊಂದಕ್ಕೆ ಒಂದೊಂದು ಥರ ಮಣ್ಣು ಕಲಸುತ್ತಾರೆ, ಒಂದಕ್ಕೆ ಮರಳು ಜಾಸ್ತಿ, ಒಂದಕ್ಕೆ ಹೊಟ್ಟು ಜಾಸ್ತಿ. ನೋವು ಶುರುವಾಯಿತು ಅಂದರೆ ಆ ಬೀದಿಯಲ್ಲಿ ಗಾಡಿ ನಿಲ್ಲಿಸುತ್ತಾರೆ, ನಾಯಿ ಅಟ್ಟುತ್ತಾರೆ, ಪಕ್ಕದ ಮನೆಯಲ್ಲಿ ಒನಕೆ ಇಳಿಸುತ್ತಾರೆ. ಇಷ್ಟು ಮಾಡಿಕೊಂಡರೆ ಎಂಬತ್ತು ವರ್ಷ ಬದುಕಬಹುದು, ಬದುಕಿದವರು ಬೇಕಾದಷ್ಟು ಜನ ಇದ್ದಾರೆ.

ಕುಡಿಕೆ ಕೆಲಸಕ್ಕೆ ಬಾರದೆ ಹೋದದ್ದು ಯುದ್ಧದ ಕಾಲದಲ್ಲಿ. ಹೊಳೆಯಾಚೆ ಸಿಪಾಯಿಗಳ ಕ್ಯಾಂಪು ಬಂತು, ಅದನ್ನು ಹುಡುಕಿಕೊಂಡು ವಿಮಾನಗಳು ಬಂದವು. ಪುರಸಭೆಯ ತಾರಸಿ ಮೇಲೆ ಕೈಯಲ್ಲಿ ತಿರುಗಿಸುವ ಸೈರನ್ ಕೂರಿಸಿದರು. ಕಿಟಕಿ ಗಾಜಿಗೆಲ್ಲ ಕಪ್ಪು ಕಾಗದ ಅಂಟಿಸಿದರು. ವಿಮಾನ ಯಾರ ಹೆರಿಗೆಗೂ ಕಾಯುವುದಿಲ್ಲ, ಹೆರಿಗೆಯೂ ವಿಮಾನಕ್ಕೆ ಕಾಯುವುದಿಲ್ಲ. ಸೈರನ್ ಕೂಗುತ್ತಿರುವಾಗ ಹುಟ್ಟಿದ ಮಕ್ಕಳು ಏಳು. ಕುಡಿಕೆಯೇನೋ ಒಡೆದರು. ಒಡೆದವರಿಗೇ ಕೇಳಿಸಲಿಲ್ಲ. ಆ ಏಳರಲ್ಲಿ ನಾನೊಬ್ಬಳು, ಇನಾಸ ಒಬ್ಬ.

ಯುದ್ಧ ಮುಗಿದ ವಾರವೇ ಸೈರನ್ನನ್ನು ಬಿಚ್ಚಿ ಹೊಳೆಯ ಮಡುವಿಗೆ ಹಾಕಿದರು. ಗಿರಣಿಯಲ್ಲಿ ಪಾಳಿ ಬದಲಾಗುವಾಗ ಇವತ್ತಿಗೂ ಕೆಂಪು ಬಾವುಟ ಏರಿಸುತ್ತಾರೆ, ಕೂಗು ಇಲ್ಲ. ದೇವಸ್ಥಾನದಲ್ಲಿ ಶಂಖ ಊದುವುದು ನಿಂತಿತು. ಬೀದಿಯಲ್ಲಿ ಹುಡುಗರು ಬೆರಳಿಟ್ಟು ಸಿಳ್ಳೆ ಹೊಡೆದರೆ ಯಾರ ಮಕ್ಕಳು ಅಂತ ನೋಡದೆ ಬೆನ್ನಿಗೆ ಬಾರಿಸುತ್ತಿದ್ದರು. ನಮ್ಮ ಏಳು ಜನರ ಅಮ್ಮಂದಿರು ನಮ್ಮ ಕಿವಿಗೆ ಹತ್ತಿ ತುರುಕಿ ಸ್ಕೂಲಿಗೆ ಕಳಿಸುತ್ತಿದ್ದರು. ಮೇಷ್ಟ್ರು ಹೇಳಿದ್ದು ಕೇಳಿಸದೆ ಅರ್ಧ ಜನ ಫೇಲಾದೆವು. ಊರು ಬಿಟ್ಟು ಹೋಗುವ ಹಾಗಿರಲಿಲ್ಲ. ಹೊರಗಡೆ ಎಲ್ಲೆಲ್ಲಿ ಏನೇನು ಕೂಗುತ್ತದೋ ಯಾರಿಗೆ ಗೊತ್ತು. ಗಟ್ಟಿತನ ಮಾಡಿ ಹೋದವರು ಹೋದ ಹಾಗೇ ಹೋದರು. ಕೊನೆಗೆ ಉಳಿದವರು ಮೂವರು, ನಾನು, ಇನಾಸ, ಮತ್ತೆ ಪುಟ್ಟತಾಯಿ. ಪುಟ್ಟತಾಯಿಯನ್ನು ಬಂದರು ಪಟ್ಟಣಕ್ಕೆ ಮದುವೆ ಮಾಡಿ ಕೊಟ್ಟರು. ಗಂಡ ಒಳ್ಳೆಯವನು, ಒಂದು ವರ್ಷ ಮನೆಯಿಂದ ಆಚೆ ಬಿಡದೆ ನೋಡಿಕೊಂಡ. ಒಂದು ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತು ಬದನೆಕಾಯಿ ಆರಿಸುತ್ತಿದ್ದಾಗ ಬೀದಿಯ ತುದಿಯಲ್ಲಿ ಬೆಂಕಿ ಆರಿಸುವ ಲಾರಿ ಹಾದುಹೋಯಿತು. ಹೆಣವನ್ನು ಊರಿಗೆ ತಂದಾಗ ಅವಳ ಕೈಯಲ್ಲಿ ಬದನೆಕಾಯಿ ತೊಟ್ಟಿನ ಮುಳ್ಳು ಚುಚ್ಚಿದ ಗುರುತು ಇನ್ನೂ ಇತ್ತು. ನಾನೇ ನೋಡಿದೆ.

ಆಗ ನಮ್ಮ ತಂಡ ಶುರುವಾಗಿ ಎರಡು ವರ್ಷ. ತಂಡದ ಹೆಸರು ಕಪ್ಪು ಕಾಗದ. ಇನಾಸ ಗಿಟಾರು, ಖಲಂದರ್ ದಪ್ಪ ತಂತಿಯ ಗಿಟಾರು, ನಾನು ಡ್ರಮ್ಮು. ಡ್ರಮ್ಮು ಕ್ಯಾಂಪು ಎದ್ದಾಗ ಸಿಪಾಯಿಗಳು ಬಿಟ್ಟುಹೋದದ್ದು. ನಮ್ಮಪ್ಪ ತಮಟೆ ಬಡಿಯುವವನು, ಅವನು ಅದನ್ನು ತಂದು ಕೊಟ್ಟಿಗೆಯಲ್ಲಿ ಇಟ್ಟಿದ್ದ. ಹೆಣ್ಣುಮಗಳು ಡ್ರಮ್ಮು ಬಾರಿಸುವುದಾ ಅಂತ ಜನ ಆಡಿಕೊಂಡರು. ಹೇಗೂ ಮದುವೆಯಾಗಿ ಹೊರಗೆ ಹೋಗುವಂತಿಲ್ಲ, ಏನಾದರೂ ಬಾರಿಸಿಕೊಂಡಿರಲಿ ಅಂತ ಅಪ್ಪ ಸುಮ್ಮನಾದ. ಗಿಟಾರುಗಳು ಮತ್ತು ಅವನ್ನು ಜೋರು ಮಾಡುವ ಕರೆಂಟಿನ ಪೆಟ್ಟಿಗೆ ಬಂದರಿನಿಂದ ಬಂದವು. ಖಲಂದರ್ ಲಾರಿಯಲ್ಲಿ ಓಡಾಡುವವನು, ಹುಟ್ಟಿದ್ದು ಯುದ್ಧ ಮುಗಿದ ಮೇಲೆ, ಅವನದು ಒಳ್ಳೆ ಗಟ್ಟಿ ಕುಡಿಕೆ. ಎಲ್ಲಿಗೆ ಬೇಕಾದರೂ ಹೋಗಿ ಬರುತ್ತಿದ್ದ, ಬರುವಾಗ ಹೊಸ ಹೊಸ ರೆಕಾರ್ಡು ತರುತ್ತಿದ್ದ. ಇನಾಸ ಆ ರೆಕಾರ್ಡುಗಳನ್ನು ಕೇಳಿ ಕೇಳಿ ಬೆರಳು ಸೀಳಿಕೊಂಡು ಕಲಿತ. ಅವನಷ್ಟು ಚೆನ್ನಾಗಿ ನುಡಿಸುವವರನ್ನು ನಾನು ನೋಡಿಲ್ಲ. ನೋಡುವ ಹಾಗೂ ಇಲ್ಲವಲ್ಲ.

ಪುಟ್ಟತಾಯಿಯ ಮಣ್ಣಾದ ಮೇಲೆ ಇನಾಸ ಮನೆಯೊಳಗೆ ಸೇರಿಕೊಂಡ. ಕಿವಿಗೆ ಹತ್ತಿ, ಹತ್ತಿಯ ಮೇಲೆ ಮೇಣ, ಅದರ ಮೇಲೆ ಬಟ್ಟೆ. ಎಂಟು ದಿನ ಗಿಟಾರು ಮುಟ್ಟಲಿಲ್ಲ. ಅವನ ತಾಯಿ ಕಾರ್ಮೆಲಮ್ಮ ನಮ್ಮ ಮನೆಗೆ ಬಂದು, ಅವನು ಊಟದ ತಟ್ಟೆಯ ಸದ್ದಿಗೂ ಹೆದರುತ್ತಾನೆ, ನೀನಾದರೂ ಬಂದು ಮಾತಾಡಿಸು ಅಂದರು.

ನಾನು ಊರಿನ ವಾಚನಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸ ಮಾಡುತ್ತಿದ್ದೆ. ಅಲ್ಲಿಗೆ ಮೂರು ತಿಂಗಳು ತಡವಾಗಿ ಒಂದು ಇಂಗ್ಲಿಷ್ ಸಂಗೀತ ಪತ್ರಿಕೆ ಬರುತ್ತಿತ್ತು. ಅದರ ಕೊನೆಯ ಪುಟದಲ್ಲಿ ಪ್ರತಿ ತಿಂಗಳೂ ಹುಟ್ಟುಹಬ್ಬದ ಪಟ್ಟಿ. ಇಂಥ ತಂಡದ ಗಿಟಾರಿನವನು ಇಂಥ ತಾರೀಕು ಇಂಥ ಪಟ್ಟಣದಲ್ಲಿ ಹುಟ್ಟಿದ, ಇಂಥ ಹಾಡುಗಾರ ಇಂಥ ವರ್ಷ ಹುಟ್ಟಿದ. ಓದುತ್ತ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಎಲ್ಲರೂ ನಮ್ಮ ವಾರಿಗೆಯವರು. ಎಲ್ಲರೂ ಯುದ್ಧದ ವರ್ಷಗಳಲ್ಲಿ ಹುಟ್ಟಿದವರು, ಅದೂ ಬಾಂಬು ಬಿದ್ದ ಪಟ್ಟಣಗಳಲ್ಲಿ. ಒಬ್ಬನ ಅಪ್ಪ ಮಗನನ್ನು ನೋಡುವ ಮೊದಲೇ ಹಡಗಿನ ಜೊತೆ ಮುಳುಗಿದ್ದ. ಇನ್ನೊಬ್ಬ ಹುಟ್ಟಿದ ಮೂರನೇ ದಿನ ಆಸ್ಪತ್ರೆಯ ಗೋಡೆ ಬಿದ್ದಿತ್ತು. ಯಾರೋ ಲೆಕ್ಕ ಹಾಕಿ ಆ ನಾಲ್ಕೈದು ವರ್ಷಗಳಲ್ಲೇ ಅಷ್ಟೂ ಜನರನ್ನು ಹುಟ್ಟಿಸಿದ ಹಾಗೆ ಇತ್ತು.

ನಾನು ಆ ಪತ್ರಿಕೆ ತಗೊಂಡು ಇನಾಸನ ಮನೆಗೆ ಹೋದೆ. ಅವನಿಗೆ ಇಂಗ್ಲಿಷ್ ಬಾರದು. ಬಟ್ಟೆ ಬಿಚ್ಚಿಸಿ, ಮೇಣ ತೆಗೆಸಿ, ಒಂದೊಂದೇ ಹೆಸರು ಓದಿ ಅರ್ಥ ಹೇಳಿದೆ. ಅವನು ಗೋಡೆ ನೋಡುತ್ತ ಕೂತಿದ್ದ, ನನ್ನ ಮಾತು ಒಳಗೆ ಹೋಗುತ್ತಿಲ್ಲ ಅನಿಸಿತು. ಆಗ ನಾನು ಒಂದು ಮಾತು ಸೇರಿಸಿದೆ. ಅವನ ಮೆಚ್ಚಿನ ಗಿಟಾರಿನವನ ಹೆಸರು ಬಂದಾಗ, ಇವನು ಹುಟ್ಟುವಾಗ ಸೈರನ್ ಕೂಗುತ್ತಿತ್ತಂತೆ ಅಂದೆ. ಪತ್ರಿಕೆಯಲ್ಲಿ ಹಾಗೆ ಬರೆದಿರಲಿಲ್ಲ. ಇನಾಸ ತಲೆ ತಿರುಗಿಸಿದ. ನಿಜವಾ ಅಂದ. ಇಲ್ಲಿ ಬರೆದಿದೆಯಲ್ಲ ಅಂತ ಯಾವುದೋ ಸಾಲಿನ ಮೇಲೆ ಬೆರಳಿಟ್ಟೆ.

ಮಾರನೇ ದಿನ ಬೆಳಿಗ್ಗೆ ಅವನು ಹತ್ತಿ ಗೋದಾಮಿಗೆ ಬಂದ. ಅಲ್ಲೇ ನಮ್ಮ ಅಭ್ಯಾಸ ನಡೆಯುತ್ತಿದ್ದುದು. ಎಂಟು ದಿನದ ಗಡ್ಡ, ಬಿಳಿಚಿದ ಮುಖ. ಆದರೆ ಬಂದ. ನನ್ನ ಸುಳ್ಳಿನ ಬಗ್ಗೆ ನನಗೆ ಹೆಮ್ಮೆಯೇ ಆಯಿತು, ಯಾಕೆ ಮುಚ್ಚಿಡಲಿ.

ಹೆಮ್ಮೆ ಉಳಿದದ್ದು ಒಂದು ವಾರ. ಇನಾಸನ ತಲೆಯಲ್ಲಿ ಆ ಮಾತು ಬೇರು ಬಿಟ್ಟಿತ್ತು. ಆ ಗಿಟಾರಿನವನು ಸೈರನ್ನಿನಲ್ಲಿ ಹುಟ್ಟಿ, ಆ ಪಟ್ಟಣದಲ್ಲೇ ಬೆಳೆದು, ದಿನಕ್ಕೆ ಹತ್ತು ಸಲ ಕೂಗು ಕೇಳಿಯೂ ಬದುಕಿದ್ದಾನೆ ಅಂದರೆ ಎರಡರಲ್ಲಿ ಒಂದು ನಿಜ ಅಂದ. ಒಂದು, ನಮ್ಮೂರು ಹೇಳುವುದು ಸುಳ್ಳು. ಇಲ್ಲ, ಆ ಸದ್ದನ್ನು ತನ್ನ ಕೈಯಲ್ಲೇ ಎಬ್ಬಿಸುವವನಿಗೆ ಅದು ಏನೂ ಮಾಡುವುದಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ತನ್ನ ಗಿಟಾರಿನಲ್ಲಿ ಸೈರನ್ ಎಬ್ಬಿಸಿ ನೋಡುತ್ತೇನೆ, ಉಳಿದರೆ ಅವತ್ತೇ ಖಲಂದರನ ಲಾರಿ ಹತ್ತಿ ಊರು ಬಿಡುತ್ತೇನೆ ಅಂದ. ಖಲಂದರ್ ನಗಾಡಿದ, ಉಳೀದಿದ್ರೂ ಲಾರಿಲೇ ಹಾಕ್ಕೊಂಡು ಹೋಗೋದು ಬಿಡು ಅಂದ. ನನಗೆ ನಗು ಬರಲಿಲ್ಲ. ಪುಟ್ಟತಾಯಿ ಸತ್ತಳಲ್ಲ ಅಂದೆ. ಪುಟ್ಟತಾಯಿ ಸದ್ದು ಎಬ್ಬಿಸಲಿಲ್ಲ, ಕೇಳಿದಳು ಅಂದ. ಪತ್ರಿಕೆಯ ಮಾತು ಸುಳ್ಳು ಅಂತ ಅವತ್ತೇ ಹೇಳಬಹುದಿತ್ತು. ಹೇಳಿದರೆ ಮತ್ತೆ ಮೇಣ ತುಂಬಿಕೊಂಡು ಮೂಲೆಗೆ ಕೂರುತ್ತಾನೆ ಅನ್ನಿಸಿತು. ಹೇಳಲಿಲ್ಲ.

ಗಿಟಾರನ್ನು ಕರೆಂಟಿನ ಪೆಟ್ಟಿಗೆಯ ಎದುರು ಹಿಡಿದರೆ ತಂತಿ ಮುಟ್ಟದೆಯೂ ಅದು ತಾನೇ ಕೂಗುತ್ತದೆ. ದೂರ ನಿಂತರೆ ಒಂದು ಕೂಗು, ಹತ್ತಿರ ಹೋದರೆ ಇನ್ನೊಂದು. ಇನಾಸ ಗೋದಾಮಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಪೆಟ್ಟಿಗೆಯಿಂದ ಹದಿನೈದು ಅಡಿ ದೂರಕ್ಕೆ ಮೊದಲನೇ ಗೆರೆ. ಒಂದು ಗೆರೆಯ ಮೇಲೆ ಮೂರು ನಾಲ್ಕು ದಿನ ನಿಂತು ನೋಡಿ, ಏನೂ ಆಗದಿದ್ದರೆ ಒಂದಡಿ ಮುಂದಕ್ಕೆ ಇನ್ನೊಂದು ಗೆರೆ. ಸೈರನ್ ಕೇಳಿದ ಹಿರಿಯರ ಹತ್ತಿರ ಹೋಗಿ ಅದು ಹೇಗಿತ್ತು ಅಂತ ವಿಚಾರಿಸಿಕೊಂಡು ಬರುತ್ತಿದ್ದ. ಅದು ಉಯ್ಯಾಲೆಯ ಹಾಗೆ ಏರಿ ಇಳಿಯುತ್ತಿತ್ತು ಅಂತ ಎಲ್ಲರೂ ಹೇಳಿದರು. ಹಾಗಾಗಿ ಅವನ ಲೆಕ್ಕ ಇಷ್ಟು. ಮೊದಲು ಪೆಟ್ಟಿಗೆಯಿಂದ ಅಷ್ಟೇ ಎತ್ತರದ ಒಂದು ನೇರ ಕೂಗು ಎಬ್ಬಿಸಬೇಕು. ಆಮೇಲೆ ಗಿಟಾರಿನ ಕತ್ತು ಹಿಡಿದು ಅದನ್ನು ಏರಿಳಿಸಬೇಕು. ನೇರ ಕೂಗಿನಲ್ಲಿ ಅಪಾಯವಿಲ್ಲ, ಏರಿಳಿಸಿದಾಗ ತಾನೇ ಅದು ಸೈರನ್ ಆಗುವುದು.

ಒಂಬತ್ತನೇ ಗೆರೆಯ ಹೊತ್ತಿಗೆ ನನ್ನ ಹಲ್ಲು ಜುಮ್ಮೆನ್ನತೊಡಗಿತು. ಹೆದರಿಕೆ ಅಂದುಕೊಂಡೆ. ಹತ್ತನೇ ಗೆರೆಯಲ್ಲಿ ಅಂಗಾಲು ತಣ್ಣಗಾಗಿ, ಡ್ರಮ್ಮಿನ ಪೆಡಲ್ ಮೇಲೆ ಕಾಲು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಇನಾಸನನ್ನು ನೋಡಿದರೆ ಅವನಿಗೆ ಏನೂ ಆಗಿರಲಿಲ್ಲ. ನನಗಿಂತ ಗಟ್ಟಿ ಮನುಷ್ಯ ಅಂದುಕೊಂಡೆ. ಹನ್ನೊಂದನೇ ಗೆರೆ ಎಳೆದ ಬೆಳಿಗ್ಗೆ ಅವನು ಅಲ್ಲಿ ನಿಂತು ಗಿಟಾರು ತಿರುಗಿಸಿದ. ಪೆಟ್ಟಿಗೆ ಕೂಗಿತು. ಅಲುಗಾಟವಿಲ್ಲದ, ದಾರದ ಹಾಗೆ ನೇರ ಕೂಗು. ಗೋದಾಮಿನ ಬಾಗಿಲಲ್ಲಿ ಬಿಸಿಲು ಬಿದ್ದಿತ್ತು, ಆ ಬಿಸಿಲು ಬೂದಿಯ ಬಣ್ಣಕ್ಕೆ ತಿರುಗಿತು. ಯಾರೋ ನನ್ನ ಹೆಸರು ಹಿಡಿದು ಕರೆಯುತ್ತಿದ್ದಾರೆ ಅನಿಸಿತು. ಹೊರಗಿನಿಂದಲ್ಲ. ನಾನು ತಲೆಯೆತ್ತಿ ಆ ಕಡೆ ನೋಡಿದೆ.

ಖಲಂದರ್ ನೋಡಿ ಕಿರುಚಿದ್ದರಿಂದ ಇನಾಸ ಪೆಟ್ಟಿಗೆ ಆರಿಸಿದ. ನನ್ನ ಮೂಗಿನ ಎರಡೂ ಹೊಳ್ಳೆಯಿಂದ ರಕ್ತ ಇಳಿದು ಡ್ರಮ್ಮಿನ ಚರ್ಮದ ಮೇಲೆ ತೊಟ್ಟಿಕ್ಕುತ್ತಿತ್ತು. ಉಷ್ಣ ಜಾಸ್ತಿಯಾಗಿದೆ, ಮಜ್ಜಿಗೆ ಕುಡಿ ಅಂದ ಖಲಂದರ್.

ನಾನು ಮಜ್ಜಿಗೆ ಕುಡಿಯಲಿಲ್ಲ. ಸೀದಾ ಬೋರಜ್ಜಿಯ ಮನೆಗೆ ನಡೆದೆ. ಬೋರಜ್ಜಿ ನಮ್ಮೂರಿನ ಸೂಲಗಿತ್ತಿ, ಏಳೂ ಮಕ್ಕಳನ್ನು ಹಿಡಿದವಳು ಅವಳೇ. ಈಗ ಕಣ್ಣು ಮಂಜು, ಕಿವಿ ಒಂದು ಮಾತ್ರ. ಜಗಲಿಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. ಅವಳ ಒಳ್ಳೆ ಕಿವಿಯ ಪಕ್ಕ ಕೂತು ನಡೆದದ್ದೆಲ್ಲ ಹೇಳಿದೆ. ಏರಿಳಿಯುವ ಕೂಗಾ ಅಂತ ಕೇಳಿದಳು. ಅಲ್ಲ, ನೇರ, ಒಂದೇ ಸಮ ಅಂದೆ. ಅವಳ ಕೈ ಕುಟ್ಟಾಣಿಯ ಮೇಲೆ ನಿಂತಿತು.

"ಎಷ್ಟೊತ್ತು ಕೇಳ್ದೆ?"

ಎರಡು ಉಸಿರಿನಷ್ಟು ಹೊತ್ತು ಇರಬಹುದು ಅಂದೆ. ಬೋರಜ್ಜಿ ನನ್ನ ಕೆನ್ನೆ ಸವರಿ ನೋಡಿದಳು, ಬಿಸಿ ಇದೆಯೋ ತಣ್ಣಗಿದೆಯೋ ಅಂತ ಹೆಣ ನೋಡುವವರ ಥರ.

"ಅದು ನಿಂದೇ ಕಣ್ ಮಗ," ಅಂದಳು.

ಆಮೇಲೆ ನಿಧಾನವಾಗಿ ಹೇಳಿದಳು. ಸೈರನ್ ಎರಡು ಥರ ಕೂಗುತ್ತಿತ್ತಂತೆ. ವಿಮಾನ ಬರುವಾಗ ಏರಿಳಿತ. ವಿಮಾನ ಹೋದ ಮೇಲೆ, ಇನ್ನು ಹೊರಗೆ ಬರಬಹುದು ಅಂತ ತಿಳಿಸಲು, ಒಂದೇ ನೇರ ಉದ್ದನೆಯ ಕೂಗು. ನಮ್ಮಮ್ಮ ಬಾಂಬಿಗೆ ಅಡಗಿಕೊಳ್ಳಲು ತೋಡಿದ್ದ ಗುಂಡಿಯಲ್ಲಿ ಹೆತ್ತಳು. ಏರಿಳಿತ ಕೂಗುವಾಗ ನನ್ನ ತಲೆ ಬಂತು, ಆಮೇಲೆ ಭುಜ ಸಿಕ್ಕಿಕೊಂಡಿತು, ವಿಮಾನ ಬಂದು ಹೋಯಿತು, ಪೂರ್ತಿ ಹೊರಗೆ ಬಂದು ಅತ್ತದ್ದು ನೇರ ಕೂಗಿನಲ್ಲಿ. ತಲೆ ಹೊರಗಿದ್ದರೂ ಮಗು ಅಳುವವರೆಗೆ ಕಿವಿ ತೆರೆಯುವುದಿಲ್ಲ, ಇದು ಸೂಲಗಿತ್ತಿಯರಿಗೆ ಗೊತ್ತಿರುವ ವಿಷಯ. ಉಳಿದ ಆರು ಮಕ್ಕಳು ಏರಿಳಿತದವು. ನಾನೊಬ್ಬಳು ನೇರ ಕೂಗಿನವಳು.

ಇದನ್ನು ಇಪ್ಪತ್ನಾಲ್ಕು ವರ್ಷ ಯಾಕೆ ಬಾಯಿ ಬಿಡಲಿಲ್ಲ ಅಂತ ಕೇಳಿದೆ. ನನಗೆ ಸಿಟ್ಟು ಬಂದಿತ್ತು. ಬೋರಜ್ಜಿಗೆ ಬರಲಿಲ್ಲ.

"ಸೈರನ್ ಕೂಗ್ತಿತ್ತಾ ಅಂತ ಕೇಳುದ್ರು, ಹೂಂ ಅಂದೆ. ಯಾವ್ದು ಅಂತ ಯಾರೂ ಕೇಳ್ಲಿಲ್ಲ," ಅಂದು ಮತ್ತೆ ಕುಟ್ಟತೊಡಗಿದಳು.

ಅವತ್ತು ಗುರುವಾರ. ಭಾನುವಾರ ನಾಲ್ಕು ಗಂಟೆಗೆ ಪುರಭವನದಲ್ಲಿ ನಮ್ಮ ಕಾರ್ಯಕ್ರಮ. ಪುರಸಭೆಯ ಹಿರಿಯರನ್ನು ಒಪ್ಪಿಸಲು ಇನಾಸ ಬರೀ ಪ್ರೇಮಗೀತೆ ಅಂತ ಬರೆದುಕೊಟ್ಟಿದ್ದ. ಆದರೆ ಗೋದಾಮು ಚಿಕ್ಕದು, ಕೂಗು ಅರ್ಧಕ್ಕೇ ಗೋಡೆಗೆ ಬಡಿದು ಸಾಯುತ್ತದೆ, ಪುರಭವನದಲ್ಲಿ ಅದು ಪೂರ್ತಿ ಬಿಚ್ಚಿಕೊಳ್ಳುತ್ತದೆ ಅಂತ ಅವನು ತಿಂಗಳಿಂದ ಹೇಳುತ್ತಿದ್ದ. ಅಲ್ಲೇ ಅದನ್ನು ಎಬ್ಬಿಸುವುದು ಅಂತ ತೀರ್ಮಾನ ಮಾಡಿದ್ದ.

ಶುಕ್ರವಾರ ಬೆಳಿಗ್ಗೆ ಗೋದಾಮಿಗೆ ಹೋದೆ. ಅವನೊಬ್ಬನೇ ನೆಲದ ಮೇಲೆ ಕೂತು ತಂತಿ ಬದಲಾಯಿಸುತ್ತಿದ್ದ. ಬೋರಜ್ಜಿ ಹೇಳಿದ್ದನ್ನು ಹೇಳಿದೆ. ಅವನು ಕೆಲಸ ನಿಲ್ಲಿಸಿ ಕೇಳಿಸಿಕೊಂಡ, ನನ್ನ ಮೂಗನ್ನು ನೋಡಿದ, ನೆಲದ ಹನ್ನೊಂದನೇ ಗೆರೆ ನೋಡಿದ. ಸಾಯುತ್ತಿದ್ದೆಯಲ್ಲೇ ಅಂದ. ಹೌದು ಅಂದೆ. ಭಾನುವಾರ ನೀನು ಬರಬೇಡ, ಹೊಳೆಯಾಚೆ ನಿಮ್ಮ ಚಿಕ್ಕಮ್ಮನ ಮನೆಗೆ ಹೋಗು, ಅಲ್ಲಿ ಕೂಗುವಂಥದ್ದು ಏನೂ ಇಲ್ಲ, ನಾವಿಬ್ಬರೇ ನುಡಿಸುತ್ತೇವೆ ಅಂದ. ನೇರ ಕೂಗನ್ನು ಬಿಟ್ಟು ಬೇರೆ ಏನಾದರೂ ಮಾಡಲು ಆಗುವುದಿಲ್ಲವಾ ಅಂತ ಕೇಳಿದೆ. ಅದನ್ನು ಹಿಡಿಯದೆ ಅಲುಗಾಡಿಸುವುದು ಏನನ್ನು ಅಂದ.

ಆಗ ನಾನು ಪತ್ರಿಕೆಯ ವಿಷಯ ಹೇಳಿದೆ. ಆ ಗಿಟಾರಿನವನು ಹುಟ್ಟುವಾಗ ಸೈರನ್ ಕೂಗುತ್ತಿತ್ತು ಅಂತ ಎಲ್ಲೂ ಬರೆದಿರಲಿಲ್ಲ, ನಾನೇ ಕಟ್ಟಿ ಹೇಳಿದ್ದು, ಅವನು ಮಟಮಟ ಮಧ್ಯಾಹ್ನ ನಿಶ್ಶಬ್ದದಲ್ಲಿ ಹುಟ್ಟಿರಬಹುದು, ಅವನು ಬದುಕಿರುವುದಕ್ಕೂ ನೀನು ಬದುಕುವುದಕ್ಕೂ ಸಂಬಂಧವಿಲ್ಲ ಅಂದೆ. ಹೊಡೆದರೂ ಹೊಡೆಯಲಿ ಅಂತ ಹತ್ತಿರವೇ ನಿಂತಿದ್ದೆ.

ಅವನು ತಂತಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡ.

"ಗೊತ್ತು ಕಣೆ," ಅಂದ.

ಖಲಂದರನ ದೊಡ್ಡಪ್ಪನಿಗೆ ಇಂಗ್ಲಿಷ್ ಬರುತ್ತದೆ, ಅವರ ಹತ್ತಿರ ಆ ಪುಟ ಓದಿಸಿದ್ದನಂತೆ. ಎರಡನೇ ಗೆರೆಯ ಹೊತ್ತಿಗೇ.

"ಗೊತ್ತಿದ್ದೂ ಯಾಕೋ?"

"ಇಪ್ಪತ್ನಾಕು ವರ್ಷ ಆಯ್ತು ನಿಂಗಾಜಿ. ಪಕ್ಕದ ಮನೆ ಮಗು ರಾಗ ಎಳುದ್ರೂ ನಾನು ಗೋಡೆ ಹಿಡ್ಕೊತೀನಿ. ಅದಾಗೇ ಬಂದು ನನ್ನ ಹಿಡಿಯೋ ತನಕ ಕಾಯಕ್ಕೆ ನನ್ ಕೈಲಾಗಲ್ಲ. ನಾನೇ ಹೋಗಿ ನೋಡ್ತೀನಿ."

ಅವನು ಹೇಳಿದ್ದು ಸುಳ್ಳಲ್ಲ. ನಾನೂ ಗೋಡೆ ಹಿಡಿದುಕೊಂಡೇ ಬೆಳೆದವಳು. ಅವನ ಅಮ್ಮನಿಗೆ ಹೇಳಲೇ ಅಂತ ಕಾರ್ಮೆಲಮ್ಮನ ಮನೆಯ ತನಕ ಹೋದೆ. ಅವರು ಅಂಗಳದಲ್ಲಿ ಮಗನ ಒಳ್ಳೆಯ ಅಂಗಿಗೆ ಗಂಜಿ ಹಾಕುತ್ತಿದ್ದರು, ಮಗ ಎದ್ದು ಓಡಾಡುತ್ತಿದ್ದಾನೆ, ಊಟ ಮಾಡುತ್ತಿದ್ದಾನೆ, ಎಲ್ಲ ನಿನ್ನಿಂದ ಅಂತ ನನ್ನ ಗಲ್ಲ ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡರು. ವಾಪಸು ಬಂದೆ.

ಚಿಕ್ಕಮ್ಮನ ಮನೆಗೆ ಹೋದರೆ ನಾನು ಉಳಿಯುತ್ತೇನೆ. ಅವನು ನೇರ ಕೂಗು ಹಿಡಿಯುತ್ತಾನೆ, ಅಲುಗಾಡಿಸುತ್ತಾನೆ, ತಲೆಯೆತ್ತಿ ಯಾರೋ ಕರೆದ ಕಡೆ ನೋಡುತ್ತಾನೆ. ಸಂಜೆ ಖಲಂದರ್ ದೋಣಿಯಲ್ಲಿ ಬಂದು ನನಗೆ ಸುದ್ದಿ ಹೇಳುತ್ತಾನೆ. ಇಷ್ಟೂ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಕಿವಿಗೆ ಏನು ತುರುಕಿದರೂ ಪ್ರಯೋಜನವಿಲ್ಲ ಅಂತ ಗೊತ್ತಿತ್ತು, ಗೋದಾಮಿನಲ್ಲಿ ನನ್ನ ಕಿವಿಯಲ್ಲಿ ಹತ್ತಿ ಇತ್ತು, ಕೂಗು ಬಂದದ್ದು ಹಲ್ಲಿನಿಂದ, ಮೊಣಕಾಲಿನಿಂದ. ಶನಿವಾರ ಮಧ್ಯಾಹ್ನ ಅಪ್ಪ ಹಿತ್ತಲಲ್ಲಿ ಬೆಂಕಿಗೆ ತಮಟೆ ಕಾಯಿಸುತ್ತಿದ್ದ. ಮೇಲುಬೀದಿಯಲ್ಲಿ ಸಾವಾಗಿತ್ತು. ಅವನು ಚರ್ಮ ಪರೀಕ್ಷಿಸಲು ಎರಡು ಸಲ ಬಾರಿಸಿದ. ಪಕ್ಕದಲ್ಲಿ ಅಮ್ಮ ಏನೋ ಹೇಳುತ್ತಿದ್ದಳು, ಅವಳ ಬಾಯಿ ಆಡುವುದು ಕಂಡಿತು, ಮಾತು ಕೇಳಿಸಲಿಲ್ಲ. ಸೈರನ್ ನಮ್ಮ ಕುಡಿಕೆಯ ಸದ್ದನ್ನು ನುಂಗಿದ್ದೂ ಹೀಗೇ ಇರಬೇಕು ಅನ್ನಿಸಿತು.

ಭಾನುವಾರ ಮೂರೂವರೆಗೆ ಪುರಭವನಕ್ಕೆ ಹೋದೆ. ಇನಾಸ ನನ್ನನ್ನು ನೋಡಿ ವೇದಿಕೆಯಿಂದ ಇಳಿದು ಬಂದ. ಹೋಗು ಅಂದ. ಹೋಗಲ್ಲ ಅಂದೆ. ಸಾಯ್ತೀಯ ಅಂದ. ನನ್ನ ಡ್ರಮ್ಮು, ನಾನು ಬಾರಿಸ್ತೀನಿ, ನಿನ್ನ ಗಿಟಾರು, ನೀನು ಏನಾದರೂ ಮಾಡ್ಕೊ ಅಂದೆ. ನಾನು ಕೂತರೆ ಅವನು ಬಿಡಬಹುದು ಅನ್ನುವ ಆಸೆ ಒಂದು ಮೂಲೆಯಲ್ಲಿತ್ತು. ಅವನು ನನ್ನ ಮುಖವನ್ನೇ ನೋಡಿ ಮೇಲೆ ಹತ್ತಿ ಹೋದ. ಬಿಡುತ್ತಾನೋ ಇಲ್ಲವೋ ಗೊತ್ತಾಗಲಿಲ್ಲ.

ಸಭಾಂಗಣ ತುಂಬಿತ್ತು. ಪುರಸಭೆಯ ಹಿರಿಯರನ್ನು ಬಿಟ್ಟರೆ ಎಲ್ಲ ಯುದ್ಧ ಮುಗಿದ ಮೇಲೆ ಹುಟ್ಟಿದ ಹುಡುಗ ಹುಡುಗಿಯರು, ಗಟ್ಟಿ ಕುಡಿಕೆಯವರು. ಅವರಿಗೆ ಸೈರನ್ ಅಂದರೆ ಅಜ್ಜಿ ಕತೆ. ಮೊದಲ ನಾಲ್ಕು ಹಾಡು ಪ್ರೇಮಗೀತೆ, ಹಿರಿಯರು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೇಳಿದರು. ನನ್ನ ಕೈ ಬೆವರಿ ಕೋಲು ಜಾರುತ್ತಿತ್ತು, ಸೆರಗಿಗೆ ಒರೆಸಿಕೊಂಡೆ. ಐದನೇ ಹಾಡಿನ ನಡುವೆ ಇನಾಸ ಹಾಡುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದ. ಈಗಲಾದರೂ ಎದ್ದು ಹೋಗು ಅಂತ ಕಣ್ಣಲ್ಲೇ ಹೇಳಿದ. ನಾನು ಏಳಲಿಲ್ಲ. ಅವನು ಪೆಟ್ಟಿಗೆಯ ಕಡೆಗೆ ಹೆಜ್ಜೆ ಇಟ್ಟ.

ಇಲ್ಲಿ ನೆಲದ ಮೇಲೆ ಗೆರೆಗಳಿರಲಿಲ್ಲ. ಯಾವ ಹೆಜ್ಜೆಗೆ ಯಾವ ಕೂಗು ಬರುತ್ತದೆ ಅಂತ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗಿಟಾರು ಕೂಗತೊಡಗಿತು. ತಗ್ಗಿನಲ್ಲಿತ್ತು, ಅವನು ಕಾಲು ಜರುಗಿಸಿದ ಹಾಗೆ ಮೇಲೆ ಬಂತು. ಹಲ್ಲು ಜುಮ್ಮೆಂದಿತು. ನಾನು ಹಾಡಿನ ಬಡಿತ ಬಿಟ್ಟು ಅಪ್ಪನ ಬಡಿತ ಹಿಡಿದೆ. ಮೇಲುಬೀದಿಯಿಂದ ಸುಡುಗಾಡಿನ ತನಕ ಎಲ್ಲೂ ನಿಲ್ಲಿಸದೆ ಬಾರಿಸುವ ಬಡಿತ ಅದು, ನಡುವೆ ಉಸಿರಿನಷ್ಟೂ ಸಂದು ಇರುವುದಿಲ್ಲ. ಅಂಗಾಲು ತಣ್ಣಗಾಯಿತು. ಪೆಡಲ್ ಕಾಣಿಸುತ್ತಿತ್ತು, ಅದರ ಮೇಲಿರುವ ಕಾಲು ನನ್ನದು ಅಂತ ನಂಬಿ ತುಳಿದೆ. ಕೂಗು ಇನ್ನೂ ಮೇಲೆ ಬಂತು. ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವೆ ಅದು ಕೂದಲೆಳೆಯಷ್ಟು ಕಾಣಿಸುತ್ತಿತ್ತು, ದಾರದ ಹಾಗೆ ನೇರ, ನನ್ನದೇ. ಆ ಕೂದಲೆಳೆಯನ್ನೂ ಮುಚ್ಚಲು ಎರಡೂ ಕೈಯಲ್ಲಿ ಬಡಿದೆ. ರಕ್ತ ಇಳಿದು ಬಾಯಿಗೆ ಬಂತು, ಉಪ್ಪುಪ್ಪು. ಒಂದು ಡ್ರಮ್ಮಿನ ಚರ್ಮ ಹರಿಯಿತು, ಪಕ್ಕದ್ದನ್ನು ಹಿಡಿದೆ. ಖಲಂದರ್ ಏನಾಗುತ್ತಿದೆ ಅಂತ ತಿಳಿಯದೆ ಒಂದೇ ತಂತಿಯನ್ನು ಮೀಟುತ್ತ ನಿಂತಿದ್ದ.

ಇನಾಸ ಗಿಟಾರಿನ ಕತ್ತು ಹಿಡಿದು ಅಲುಗಾಡಿಸಿದ್ದು ಕಂಡಿತು. ಅವನು ಕಿವಿ ಓರೆ ಮಾಡಿ ಕೇಳಿಸಿಕೊಳ್ಳಲು ನೋಡುತ್ತಿದ್ದ. ತನ್ನ ಕೂಗು ಏರುತ್ತಿದೆಯೋ ಇಳಿಯುತ್ತಿದೆಯೋ ಅವನಿಗೇ ಕೇಳಿಸುತ್ತಿರಲಿಲ್ಲ. ಪೆಟ್ಟಿಗೆಗೆ ಇನ್ನೂ ಹತ್ತಿರ ಹೋದ, ಎದೆ ತಾಗುವಷ್ಟು. ನಾನು ಇನ್ನೂ ಜೋರು ಮಾಡಿದೆ. ಇನ್ನು ಜೋರು ಮಾಡಲು ನನ್ನಲ್ಲಿ ಉಳಿದಿರಲಿಲ್ಲ, ಹೇಗೋ ಮಾಡಿದೆ. ಅವನು ತಿರುಗಿ ನನ್ನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿತ್ತು, ಅಳು ಬಂದವರ ಹಾಗೂ ಕಾಣುತ್ತಿದ್ದ. ನಿಲ್ಲಿಸು ಅಂತ ಬಾಯಿ ಆಡಿಸಿದ. ನಾನು ನಿಲ್ಲಿಸಲಿಲ್ಲ. ಎಷ್ಟು ಹೊತ್ತು ಹಾಗೆ ಇದ್ದೆವೋ ಗೊತ್ತಿಲ್ಲ, ಖಲಂದರ್ ಆಮೇಲೆ ಹನ್ನೆರಡು ನಿಮಿಷ ಅಂದ. ಕೊನೆಗೆ ಇನಾಸ ಗಿಟಾರನ್ನು ಕೆಳಗಿಳಿಸಿ ಪೆಟ್ಟಿಗೆಯ ವೈರು ಕಿತ್ತ. ಅದಾದ ಮೇಲೂ ನನ್ನ ಕೈ ನಿಲ್ಲಲಿಲ್ಲ. ಖಲಂದರ್ ಬಂದು ಕೋಲು ಕಸಿದುಕೊಂಡ.

ಕಣ್ಣೆತ್ತಿ ನೋಡಿದರೆ ಸಭಾಂಗಣದಲ್ಲಿ ಒಬ್ಬರೂ ಕೂತಿರಲಿಲ್ಲ. ಎಲ್ಲರೂ ಎದ್ದು ನಿಂತಿದ್ದರು, ಹಿರಿಯರೂ. ಹುಡುಗಿಯರು ಅಳುತ್ತಿದ್ದರು, ಹುಡುಗರು ಕುರ್ಚಿಯ ಮೇಲೆ ಹತ್ತಿದ್ದರು. ಇಂಥ ಸಂಗೀತ ಕೇಳಿಯೇ ಇಲ್ಲ ಅಂದರು. ಮುಂದಿನ ಭಾನುವಾರವೂ ಬೇಕು ಅಂದರು.

ಈಗ ಮೂರು ವರ್ಷವಾಯಿತು. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಪುರಭವನ ತುಂಬುತ್ತದೆ. ಬಂದರಿನಿಂದ ಯಾರೋ ಬಂದು ರೆಕಾರ್ಡು ಮಾಡಿಕೊಂಡು ಹೋದರು. ಆ ಕಡೆಯ ಹುಡುಗರೂ ಈಗ ಹಾಗೇ ನುಡಿಸುತ್ತಾರಂತೆ, ಗಿಟಾರಿನ ಉದ್ದ ಕೂಗು, ಅದರ ಮೇಲೆ ನಿಲ್ಲದ ಡ್ರಮ್ಮು. ಅದಕ್ಕೊಂದು ಹೆಸರೂ ಇಟ್ಟಿದ್ದಾರೆ ಅಂತ ಖಲಂದರ್ ಹೇಳಿದ. ಮೊನ್ನೆ ಆ ಇಂಗ್ಲಿಷ್ ಪತ್ರಿಕೆಯ ಹುಟ್ಟುಹಬ್ಬದ ಪಟ್ಟಿಯಲ್ಲಿ ಇನಾಸನ ಹೆಸರು ಬಂತು. ತಾರೀಕು, ವರ್ಷ, ಯುದ್ಧಕಾಲದಲ್ಲಿ ಹುಟ್ಟಿದವನು ಅಂತ ಒಂದು ಸಾಲು. ಊರಿನ ಹೆಸರಿನ ಜಾಗ ಖಾಲಿ ಬಿಟ್ಟಿದ್ದರು. ನಾನು ಅದನ್ನು ಓದಿ ಹೇಳಿದೆ, ಒಂದು ಅಕ್ಷರವನ್ನೂ ಸೇರಿಸದೆ. ಹೂಂ ಅಂದ.

ಇನಾಸ ಇವತ್ತಿಗೂ ಐದನೇ ಹಾಡಿನ ನಡುವೆ ಪೆಟ್ಟಿಗೆಯ ಕಡೆ ಹೆಜ್ಜೆ ಇಡುತ್ತಾನೆ. ಜನ ಕೇಳುತ್ತಾರೆ ಅಂತ ಇಡುತ್ತಾನೋ, ಅದನ್ನು ಹುಡುಕಿಕೊಂಡೇ ಹೋಗುತ್ತಾನೋ ನನಗೆ ತಿಳಿಯದು. ಕೇಳಿಲ್ಲ. ಅವನು ಹೇಳಿಲ್ಲ. ಉಳಿದ ಆರು ದಿನ ನಾವು ಚೆನ್ನಾಗಿಯೇ ಇರುತ್ತೇವೆ, ಚಹಾ ಕುಡಿಯುತ್ತೇವೆ, ಹೊಸ ಹಾಡು ಕಟ್ಟುತ್ತೇವೆ, ಖಲಂದರನ ಮಗುವನ್ನು ಎತ್ತಿ ಆಡಿಸುತ್ತೇವೆ.

ಹೋದ ತಿಂಗಳಿಂದ ನನ್ನ ಬಲಗೈ ಮಣಿಕಟ್ಟು ಊದಿಕೊಂಡಿದೆ. ಬೆಳಿಗ್ಗೆ ಲೋಟ ಹಿಡಿದರೆ ಜಾರುತ್ತದೆ. ಡಾಕ್ಟರು ಒತ್ತಿ ನೋಡಿ, ನರ ಉಬ್ಬಿದೆ, ಎರಡು ತಿಂಗಳು ಕೋಲು ಮುಟ್ಟಬೇಡ, ಮುಟ್ಟಿದರೆ ಕೈ ಒಮ್ಮೆಲೇ ಸೋತು ನಿಂತುಬಿಡಬಹುದು ಅಂದರು. ಯಾವಾಗ ಅಂತ ಕೇಳಿದೆ. ಅದನ್ನು ಹೇಳಲಾಗದು ಅಂದರು. ನಾಳೆ ಭಾನುವಾರ. ಮಣಿಕಟ್ಟಿಗೆ ಬಟ್ಟೆ ಬಿಗಿಯಾಗಿ ಸುತ್ತಿ, ಅದು ಕಾಣದ ಹಾಗೆ ಉದ್ದ ತೋಳಿನ ರವಿಕೆ ಹೊಲಿಸಿಕೊಂಡಿದ್ದೇನೆ. ಇನಾಸನಿಗೆ ಹೇಳಿಲ್ಲ.